ಸಾರ್ ಯಾರಾದ್ರೂ ಇದ್ದಾರಾ?

ಫೋನೆತ್ತಿ ನನ್ನ ಹೆಸರು ಹೇಳಿದೆ. ತೊಂದರೆ ಏನೆಂದು ಕೇಳಿದೆ. ಆ ಕಡೆಯವರು ಹೇಳಿದರು. ಉತ್ತರ ನನಗೆ ಗೊತ್ತಿತ್ತು. ಎಷ್ಟೋ ಸಾವಿರ ಸಲ ಹೇಳಿದ ಉತ್ತರ ಅದು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠ. ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಅಲ್ಲಿ ಸಾರ್ ಯಾರಾದ್ರೂ ಇದ್ದಾರಾ?"

ಇದ್ದರು. ಪಕ್ಕದ ಕುರ್ಚಿಯಲ್ಲಿ, ಕೆಲಸಕ್ಕೆ ಸೇರಿ ಎರಡೇ ವಾರವಾಗಿದ್ದ ಹುಡುಗ. ಅವನಿಗೆ ಕೆಲಸ ಕಲಿಸುತ್ತಿದ್ದವಳು ನಾನೇ. ಕಾಲ್ ಅವನಿಗೆ ದಾಟಿಸಿದೆ. ಅವನು ಮ್ಯೂಟ್ ಒತ್ತಿ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಒಂದೊಂದೇ ವಾಕ್ಯ ಹೇಳಿಕೊಟ್ಟೆ, ಅವನು ಒಂದೊಂದೇ ವಾಕ್ಯ ಒಪ್ಪಿಸಿದ. ಅದೇ ಉತ್ತರ, ಅದೇ ಪದಗಳು, ನನಗಿಂತ ಜಾಸ್ತಿ ತಡವರಿಕೆ. ಆ ಕಡೆಯವರಿಗೆ ಬಹಳ ಸಮಾಧಾನವಾಯಿತು. "ನೋಡಿ, ಹೀಗೆ ಬಿಡಿಸಿ ಹೇಳಬೇಕು" ಅಂದರು. ಐದಕ್ಕೆ ಐದು ರೇಟಿಂಗ್ ಅವನ ಹೆಸರಿಗೆ ಬಿತ್ತು. ಪಾಪ, ಅವನು ನಾಚಿಕೊಂಡ. ನಾನು ನಕ್ಕುಬಿಟ್ಟೆ, ಅದೂ ಅಭ್ಯಾಸ.

ಏಳು ವರ್ಷ ಈ ಕೆಲಸ ಮಾಡಿದೆ, ಗಿರಾಕಿಗಳ ತೊಂದರೆ ಕೇಳಿ ಉತ್ತರ ಹೇಳುವುದು. ನಾಲ್ಕು ವರ್ಷ ಫೋನಿನಲ್ಲಿ, ಮೂರು ವರ್ಷ ಕೌಂಟರಿನಲ್ಲಿ. ಬಿಟ್ಟು ಸಾಕಷ್ಟು ದಿನವಾಯಿತು. ಬೈಗುಳ ತಿಂದ ದಿನಗಳು ಹೆಚ್ಚು ಕಡಿಮೆ ಮರೆತಿವೆ. ಯಾರು ಯಾವುದಕ್ಕೆ ಬೈದರು ಅಂತ ಈಗ ಕೇಳಿದರೆ ಹೇಳಲಾರೆ. ಆದರೆ ಈ ಪ್ರಶ್ನೆ ಮಾತ್ರ ಕಿವಿಯಿಂದ ಹೋಗಿಲ್ಲ. ಅದು ಬೈಗುಳವೂ ಅಲ್ಲವಲ್ಲ. ಮರ್ಯಾದೆಯಿಂದಲೇ ಕೇಳುತ್ತಿದ್ದರು. ಕೇಳುವವರಲ್ಲಿ ಹೆಂಗಸರೂ ಇರುತ್ತಿದ್ದರು, ನಮ್ಮಮ್ಮನ ವಯಸ್ಸಿನವರು, ನನ್ನ ವಯಸ್ಸಿನವರು. ಯಾರೂ ಕೆಟ್ಟವರಾಗಿ ಕೇಳಿದ್ದಲ್ಲ. ಇವಳು ಮಾತಾಡಿಸೋಕೆ ಇರುವವಳು, ಗೊತ್ತಿರುವವರು ಒಳಗಿರುತ್ತಾರೆ, ಅಷ್ಟೇ ಅವರ ಲೆಕ್ಕ.

ಈ ಲೆಕ್ಕ ನನ್ನ ಭ್ರಮೆಯೇನೋ, ನಾನೇ ಜಾಸ್ತಿ ಹಚ್ಚಿಕೊಂಡಿದ್ದೇನೇನೋ ಅಂತ ಎಷ್ಟೋ ಸಲ ಅನ್ನಿಸಿದೆ. 2017ರಲ್ಲಿ ಅಮೆರಿಕದ ಇಬ್ಬರು ಸಹೋದ್ಯೋಗಿಗಳ ಕತೆ ಓದಿದ ಮೇಲೆ ಆ ಅನುಮಾನ ಹೋಯಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಗಿರಾಕಿಗಳಿಗೆ ಇಮೇಲ್ ಬರೆಯುವ ಕೆಲಸ. ಒಂದು ದಿನ ಒಬ್ಬ ಗಿರಾಕಿ ಇದ್ದಕ್ಕಿದ್ದಂತೆ ಒರಟಾಗಿ ಉತ್ತರಿಸತೊಡಗಿದ, ಹೇಳಿದ್ದಕ್ಕೆಲ್ಲ ಅಡ್ಡ ಮಾತು. ಯಾಕೆಂದು ನೋಡಿದರೆ ಈ ಗಂಡಸು ಆಕಸ್ಮಿಕವಾಗಿ ಆಕೆಯ ಹೆಸರಿನ ಸಹಿಯಲ್ಲಿ ಪತ್ರ ಕಳಿಸುತ್ತಿದ್ದ. ತನ್ನ ಹೆಸರಿಗೆ ಬದಲಾಯಿಸಿದ. ಅದೇ ಗಿರಾಕಿ ಒಮ್ಮೆಲೇ ಮೆತ್ತಗಾದ. ಸಲಹೆ ಒಂದೂ ಬದಲಾಗಿರಲಿಲ್ಲ. ಆಮೇಲೆ ಇಬ್ಬರೂ ಎರಡು ವಾರ ಬೇಕೆಂದೇ ಹೆಸರು ಅದಲುಬದಲು ಮಾಡಿಕೊಂಡರು. ಅವನಿಗೆ ಆ ಎರಡು ವಾರ ನರಕವಾಯಿತು. ಆಕೆಗೆ ಕೆಲಸ ಸರಾಗವಾಗಿ ಸಾಗಿತು. ಆಕೆ ಒಂದು ಪತ್ರವ್ಯವಹಾರ ಮುಗಿಸಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾಳೆ ಅಂತ ಅವರ ಮೇಲಿನವನಿಗೆ ಮೊದಲಿಂದ ದೂರಿತ್ತಂತೆ. ಆ ಹೊತ್ತು ಎಲ್ಲಿಗೆ ಹೋಗುತ್ತಿತ್ತು ಅಂತ ಹೆಸರು ಬದಲಿಸಿಕೊಂಡ ಈ ಸಹೋದ್ಯೋಗಿಗೆ ಆಗ ತಿಳಿಯಿತು. ಕೆಲಸಕ್ಕೂ ಮೊದಲು ತನಗೆ ಕೆಲಸ ಗೊತ್ತು ಅಂತ ಪ್ರತಿಯೊಬ್ಬರಿಗೂ ನಂಬಿಸಬೇಕು, ಅದಕ್ಕೆ ಹೋಗುತ್ತಿತ್ತು.

ನನ್ನ ಆ ಏಳು ವರ್ಷದಲ್ಲಿ ಎಷ್ಟು ಗಂಟೆ ಹಾಗೆ ಹೋಗಿರಬಹುದು? ಲೆಕ್ಕ ಇಟ್ಟವರಿಲ್ಲ. ಇಡುವ ಕಾಲಂ ಇರಲಿಲ್ಲ.

ಕಾಲಂ ಇದ್ದದ್ದು ನಗುವಿಗೆ. ಟ್ರೈನಿಂಗಿನ ಮೊದಲ ದಿನವೇ ಹೇಳಿದ್ದರು, ಫೋನಿನಲ್ಲೂ ನಗಬೇಕು, ನಗು ದನಿಯಲ್ಲಿ ಕೇಳಿಸುತ್ತದೆ ಅಂತ. ನಿಜ ಹೇಳಬೇಕೆಂದರೆ ಕೇಳಿಸುತ್ತದೆ ಕೂಡ. ಕೆಲವರ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ ಇಟ್ಟಿದ್ದರು, ಮಾತಾಡುವಾಗ ನಮ್ಮ ಮುಖ ನಾವೇ ನೋಡಿಕೊಳ್ಳಲಿ ಅಂತ. ನನ್ನ ಗೆಳತಿಯೊಬ್ಬಳು ಅದನ್ನು ಎರಡನೇ ವಾರಕ್ಕೆ ತಿರುಗಿಸಿಟ್ಟಳು. ಬೈಸಿಕೊಳ್ಳುತ್ತಾ ನಗುವ ನನ್ನನ್ನು ನೋಡೋಕಾಗಲ್ಲ ಕಣೇ, ಅಂದಳು.

ಈ ನಗು ಕೂಡ ದುಡಿಮೆಯೇ ಅಂತ ಮೊದಲು ಗಟ್ಟಿಯಾಗಿ ಹೇಳಿ ಅದಕ್ಕೊಂದು ಹೆಸರು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್, 1983ರಲ್ಲಿ. ಭಾವನೆಯ ದುಡಿಮೆ ಅನ್ನಬಹುದು ಕನ್ನಡದಲ್ಲಿ. ಆಕೆ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದು ವಿಮಾನದ ಗಗನಸಖಿಯರದು, ಇನ್ನೊಂದು ಸಾಲ ವಸೂಲಿಯವರದು. ಮೊದಲನೆಯವರು ಒಳಗೆ ಏನೇ ಇದ್ದರೂ ಹೊರಗೆ ಬೆಚ್ಚಗಿರಬೇಕು. ಎರಡನೆಯವರು ಒಳಗೆ ಅಯ್ಯೋ ಅನ್ನಿಸಿದರೂ ಹೊರಗೆ ಗದರಬೇಕು. ಎರಡೂ ಮನಸ್ಸನ್ನು ತಿರುಚಿ ಮಾಡುವ ಕೆಲಸಗಳೇ. ಮೊದಲನೆಯದರಲ್ಲಿ ಹೆಂಗಸರು ತುಂಬಿದ್ದರು, ಎರಡನೆಯದರಲ್ಲಿ ಗಂಡಸರು. ನನಗೆ ಅದರಲ್ಲಿ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು. ಒಂದೇ ವಿಮಾನದಲ್ಲಿ ಒಂದೇ ಕೆಲಸ ಮಾಡುವ ಗಂಡಸಿಗೂ ಹೆಂಗಸಿಗೂ ಸಿಗುವ ಕೋಪ ಒಂದೇ ಅಳತೆಯದಲ್ಲ. ಗಂಡಸಿಗೆ ಸಮಾಜ ಕೊಟ್ಟ ಒಂದು ಗುರಾಣಿ ಇರುತ್ತದೆ, ಹೆಂಗಸಿಗೆ ಅದಿಲ್ಲ. ಹಾಗಾಗಿ ಪ್ರಯಾಣಿಕರು ತಮ್ಮ ಸಿಟ್ಟನ್ನು ತಂದು ಸುರಿಯುವುದು ಆಕೆಯ ಮೇಲೆ.

ಆ ಗುರಾಣಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೌಂಟರಿನಲ್ಲಿ ನನ್ನ ಮೇಲೆ ಕೂಗಾಡುತ್ತಿದ್ದವರು, ಒಳಗಿಂದ ಒಬ್ಬ ಗಂಡಸು ಎದ್ದು ಬಂದು ಸುಮ್ನೆ ನಿಂತರೆ ಸಾಕು, ದನಿ ಇಳಿಸುತ್ತಿದ್ದರು. ಅವನು ಏನೂ ಮಾತಾಡಬೇಕಿರಲಿಲ್ಲ. ಅವನು ಮ್ಯಾನೇಜರ್ ಆಗಿರಬೇಕು ಅಂತಲೂ ಇರಲಿಲ್ಲ. ಒಮ್ಮೆ ಹಾಗೆ ಬಂದು ನಿಂತವನು ಪ್ರಿಂಟರ್ ರಿಪೇರಿಗೆ ಬಂದವನು.

ಮಾತಿನಲ್ಲೇ ಇದು ಗೊತ್ತಾಗುತ್ತದೆ. ಕನ್ನಡದಲ್ಲಂತೂ ಮುಚ್ಚಿಡೋಕೆ ಆಗುವುದಿಲ್ಲ. ಅವನಿಗೆ 'ನೀವು', ಪಕ್ಕದಲ್ಲಿ ಕೂತ ನನಗೆ 'ನೋಡಮ್ಮಾ ನೀನು'. ಅವನಿಗೆ 'ಸಾರ್', ನನಗೆ ಮೊದಲು 'ಮೇಡಂ', ತಡವಾದಂತೆ 'ರೀ', ಇನ್ನೂ ತಡವಾದರೆ 'ಏಯ್'. ಬಹುವಚನ ಕಳಚಿ ಬೀಳುವ ವೇಗದ ಮೇಲೆ ನಾವು ಬೆಟ್ ಕಟ್ಟುತ್ತಿದ್ದೆವು, ಇವರು ಎಷ್ಟನೇ ನಿಮಿಷಕ್ಕೆ 'ನೀನು' ಅನ್ನುತ್ತಾರೆ ಅಂತ. ನಾನು ಹೆಚ್ಚಾಗಿ ಗೆಲ್ಲುತ್ತಿದ್ದೆ. ಪ್ರೀತಿಯಿಂದ ಏಕವಚನಕ್ಕೆ ಇಳಿಯುವವರೂ ಇದ್ದರು, ಅದು ಬೇರೆ. ಕಿವಿಗೆ ವ್ಯತ್ಯಾಸ ತಿಳಿಯುತ್ತದೆ.

ಹೆಂಗಸರನ್ನು ಈ ಕೆಲಸಕ್ಕೆ ಕೂರಿಸಿದ್ದು ಯಾಕೆ ಅಂತ ಹಿಂದಕ್ಕೆ ಹೋಗಿ ನೋಡಿದರೆ ಉತ್ತರ ಬಹಳ ಸರಳ. ಟೆಲಿಫೋನ್ ಶುರುವಾದಾಗ ಎಕ್ಸ್‌ಚೇಂಜಿನಲ್ಲಿ ಹುಡುಗರನ್ನು ಇಟ್ಟಿದ್ದರು. ಅವರು ಕರೆ ಮಾಡಿದವರಿಗೆ ಬೈಯುತ್ತಿದ್ದರು, ತಮಾಷೆಗೆ ತಪ್ಪು ಸಂಪರ್ಕ ಕೊಡುತ್ತಿದ್ದರು. 1878ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಅನ್ನುವವರನ್ನು ನೇಮಿಸಿಕೊಂಡರು, ಮೊದಲ ಮಹಿಳಾ ಆಪರೇಟರ್. ಮೆತ್ತಗಿನ ದನಿ, ತಾಳ್ಮೆ, ಮೇಲಾಗಿ ಕಡಿಮೆ ಸಂಬಳಕ್ಕೆ ಸಿಗುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ಹೆಂಗಸರ ಕೆಲಸವಾಯಿತು. ಹುಡುಗರಿಗೆ ತಾಳ್ಮೆ ಕಲಿಸಬಹುದಿತ್ತಲ್ಲ? ಯಾರಿಗೂ ಹೊಳೆದಂತಿಲ್ಲ. ತಾಳ್ಮೆ ಈಗಾಗಲೇ ಕಲಿತು ಬಂದವರು ಅಗ್ಗಕ್ಕೆ ಸಿಗುವಾಗ ಕಲಿಸುವ ಖರ್ಚು ಯಾಕೆ?

ನನ್ನ ಪ್ರಕಾರ ಮೂಲ ಮೋಸ ಇಲ್ಲೇ ಇರುವುದು. ನಮ್ಮ ತಾಳ್ಮೆಯನ್ನು ನಾವು ಕಲಿತ ವಿದ್ಯೆ ಅಂತ ಯಾರೂ ಎಣಿಸುವುದಿಲ್ಲ. ಹುಟ್ಟುಗುಣ ಅಂತ ಎಣಿಸುತ್ತಾರೆ. ಹುಟ್ಟುಗುಣಕ್ಕೆ ಯಾರಾದರೂ ಸಂಬಳ ಕೊಡುತ್ತಾರಾ? ಆದರೆ ಅದು ಒಂದು ದಿನ ಇಲ್ಲದೆ ಹೋದರೆ ಮಾತ್ರ ದೂರು ಬರೆಯುತ್ತಾರೆ. ನನ್ನ ಪಕ್ಕದ ಹುಡುಗ ಒಂದು ದಿನ ನಕ್ಕರೆ 'ಎಷ್ಟು ಒಳ್ಳೆ ಹುಡುಗ' ಅಂತ ಬರೆದು ಹೋಗುತ್ತಿದ್ದರು. ನಾನು ಒಂದು ದಿನ ನಗದಿದ್ದರೆ 'ಸಿಬ್ಬಂದಿಗೆ ಸೊಕ್ಕು'.

ವಿಮಾನದ ಕತೆ ಇನ್ನೂ ಮಜವಾಗಿದೆ. ಎಲೆನ್ ಚರ್ಚ್ ಅನ್ನುವ ನರ್ಸ್ ವಿಮಾನ ಹಾರಿಸಲು ಕಲಿತಿದ್ದರು. ಅವರಿಗೆ ಪೈಲಟ್ ಆಗುವ ಆಸೆ. ಆ ಕೆಲಸ ಹೆಂಗಸಿಗೆ ಸಿಗುವಂತಿರಲಿಲ್ಲ. ಹಾಗಾದರೆ ಪ್ರಯಾಣಿಕರನ್ನು ನೋಡಿಕೊಳ್ಳಲು ನರ್ಸ್‌ಗಳನ್ನು ಇಡಿ ಅಂತ ಅವರೇ ಸಲಹೆ ಕೊಟ್ಟರು. 1930ರ ಮೇ ತಿಂಗಳಲ್ಲಿ ಮೊದಲ ಗಗನಸಖಿಯಾಗಿ ಹಾರಿದರು. ಆಗ ವಿಮಾನ ಅಂದರೆ ಜನಕ್ಕೆ ಹೆದರಿಕೆ. ಒಬ್ಬ ಎಳೆ ವಯಸ್ಸಿನ ಹೆಂಗಸು ಹೆದರದೆ ಓಡಾಡುತ್ತಿದ್ದರೆ ಗಂಡಸರು ಹೆದರಲು ನಾಚುತ್ತಾರೆ ಅನ್ನುವುದೂ ಆ ಸಲಹೆಯ ಹಿಂದಿತ್ತು. ಅಂದರೆ ಆಕೆಯ ಧೈರ್ಯವೂ ಗಿರಾಕಿಯ ಅನುಕೂಲಕ್ಕೇ. ಮದುವೆಯಾಗಿರಬಾರದು, ವಯಸ್ಸು ಇಷ್ಟರ ಒಳಗಿರಬೇಕು, ತೂಕ ಇಷ್ಟು ದಾಟಬಾರದು ಅನ್ನುವ ಷರತ್ತುಗಳೂ ಜೊತೆಗೇ ಬಂದವು. ನರ್ಸಿಂಗ್ ಓದಿರಬೇಕು ಅನ್ನುವ ಷರತ್ತು ಕಾಲಕ್ರಮೇಣ ಬಿದ್ದುಹೋಯಿತು. ತೂಕದ್ದು ಮಾತ್ರ ದಶಕಗಟ್ಟಲೆ ಉಳಿಯಿತು.

ಈ ಷರತ್ತುಗಳು ಕೋರ್ಟಿನವರೆಗೆ ಹೋದ ಎರಡು ಪ್ರಕರಣ ನನಗೆ ಪದೇ ಪದೇ ನೆನಪಾಗುತ್ತವೆ. ಒಂದರಲ್ಲಿ ಕೋರ್ಟಿಗೆ ಹೋದವನು ಗಂಡಸು. ಡಿಯಾಜ್ ಅನ್ನುವವರು ಪ್ಯಾನ್ ಆಮ್ ವಿಮಾನ ಸಂಸ್ಥೆಯಲ್ಲಿ ಕ್ಯಾಬಿನ್ ಕೆಲಸ ಕೇಳಿದರು, ಹೆಂಗಸರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಅಂದರು. ಪ್ರಯಾಣಿಕರಿಗೆ ಹೆಂಗಸರೇ ಇಷ್ಟ, ಅವರಿದ್ದರೆ ಮನಸ್ಸಿಗೆ ಹಾಯೆನಿಸುತ್ತದೆ ಅನ್ನುವುದು ಸಂಸ್ಥೆಯ ವಾದ. 1971ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ವಿಮಾನ ಸಂಸ್ಥೆಯ ಮೂಲ ಕೆಲಸ ಜನರನ್ನು ಸುರಕ್ಷಿತವಾಗಿ ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಿಸುವುದು, ಹಿತವೆನಿಸುವಂತೆ ಮಾಡುವುದು ಅಂಚಿನ ಮಾತು ಅಂತ ಹೇಳಿತು. ಗಿರಾಕಿಗೆ ಇಷ್ಟ ಅನ್ನುವುದೊಂದೇ ಕಾರಣವಾಗಲಾರದು ಅಂತ ಕೋರ್ಟು ಹೇಳಬೇಕಾಯಿತು. ಕೋರ್ಟಿಗೆ ಹೋದವರು ಗಂಡಸಾದರೂ ಬಿಡುಗಡೆ ಹೆಂಗಸರಿಗೂ ಸಿಕ್ಕಿತು ಅನ್ನಿಸುತ್ತದೆ ನನಗೆ.

ಇನ್ನೊಂದು 1981ರಲ್ಲಿ ಭಾರತದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು, ನರ್ಗೇಶ್ ಮಿರ್ಜಾ ಮತ್ತು ಏರ್ ಇಂಡಿಯಾ ನಡುವಿನದು. ಗಗನಸಖಿ 35 ವರ್ಷಕ್ಕೆ ನಿವೃತ್ತಿಯಾಗಬೇಕು, ಇಲ್ಲವೇ ಸೇವೆಗೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಹೋಗಬೇಕು, ಇಲ್ಲವೇ ಮೊದಲ ಸಲ ಬಸುರಿಯಾದಾಗ ಹೋಗಬೇಕು, ಯಾವುದು ಮೊದಲೋ ಅದು. ಮೊದಲ ಬಸಿರಿಗೆ ಮನೆಗೆ ಕಳಿಸುವ ನಿಯಮವನ್ನು ಕೋರ್ಟು ಕಿತ್ತುಹಾಕಿತು. ಮದುವೆಯ ನಿಯಮ ಮಾತ್ರ ಸರಿಯಿದೆ ಅಂದಿತು. ಅರ್ಧ ಬಾಗಿಲು ತೆರೆದ ಹಾಗೆ.

ಬಟ್ಟೆಬರೆಯ ವಿಷಯ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಒಂದೇ ಸಂಗತಿ ಹೇಳುತ್ತೇನೆ. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಕಚೇರಿಗೆ ರಿಸೆಪ್ಷನ್ ಕೆಲಸಕ್ಕೆ ಬಂದ ನಿಕೋಲಾ ಥಾರ್ಪ್ ಅವರನ್ನು ಚಪ್ಪಟೆ ಶೂ ಹಾಕಿದ್ದಾರೆ ಅಂತ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಎರಡರಿಂದ ನಾಲ್ಕು ಇಂಚಿನ ಹಿಮ್ಮಡಿ ಇರಬೇಕಿತ್ತು. ಅವರ ಅರ್ಜಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚೆಯಾಯಿತು, ಇರುವ ಕಾನೂನೇ ಸಾಕು ಅಂತ ಸರ್ಕಾರ ಸುಮ್ಮನಾಯಿತು. 2019ರಲ್ಲಿ ಜಪಾನಿನಲ್ಲಿ ಯುಮಿ ಇಶಿಕಾವಾ ಇದೇ ಹಿಮ್ಮಡಿಯ ವಿರುದ್ಧ ಅರ್ಜಿ ಹಿಡಿದು ನಿಂತರು. ಹಿಮ್ಮಡಿ ಶೂ ಹಾಕಿಕೊಂಡು ಎಂಟು ಗಂಟೆ ನಿಂತರೆ ಕೆಲಸ ಯಾವ ರೀತಿ ಚೆನ್ನಾಗಿ ಆಗುತ್ತದೆ ಅಂತ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ನಿಲ್ಲುವುದು ಅಂದೆ. ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೌಂಟರಿನ ಮೂರು ವರ್ಷದಲ್ಲಿ ನನಗೆ ಕುರ್ಚಿ ಇರಲಿಲ್ಲ. ಕೂತರೆ ಸೋಮಾರಿಗಳ ಹಾಗೆ ಕಾಣುತ್ತದೆ ಅಂತ. ಗಿರಾಕಿ ಯಾರೂ ಇಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕು. ಒಳಗೆ ಖಾಲಿ ರಟ್ಟಿನ ಡಬ್ಬವೊಂದಿತ್ತು. ಸರದಿಯ ಮೇಲೆ ಅದರ ಮೇಲೆ ಐದೈದು ನಿಮಿಷ ಕೂರುತ್ತಿದ್ದೆವು. ಯಾರಾದರೂ ಬಂದರೆ ಏನೋ ಹುಡುಕುತ್ತಿರುವಂತೆ ಬಗ್ಗುತ್ತಿದ್ದೆವು. ಆ ಡಬ್ಬ ಎಷ್ಟು ದಿನ ತಾಳಿತು ಅಂದರೆ, ಅದು ಕುಸಿದ ದಿನ ನಮಗೆ ನಿಜಕ್ಕೂ ಬೇಜಾರಾಯಿತು.

ಆಮೇಲೆ ಓದಿ ತಿಳಿದದ್ದು, ಬ್ರಿಟನ್ನಿನಲ್ಲಿ 1899ರಲ್ಲೇ ಇದಕ್ಕೊಂದು ಕಾನೂನು ಬಂದಿತ್ತು. ಅಂಗಡಿಯಲ್ಲಿ ಮೂವರು ಕೆಲಸದ ಹೆಂಗಸರಿಗೆ ಕನಿಷ್ಠ ಒಂದು ಆಸನ ಇರಬೇಕು ಅಂತ. ಮೂವರಿಗೆ ಒಂದು! ಅದಕ್ಕೂ ಅವರು ಕಾನೂನು ತರಬೇಕಾಯಿತು. 2018ರಲ್ಲಿ ಕೇರಳ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟು ಕಾನೂನು ತಿದ್ದಿತು. ಅಲ್ಲಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಂಗಸರೇ. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. 1899ರಿಂದ 2018ಕ್ಕೆ 119 ವರ್ಷ. ಕೇಳಿದ್ದು ಸಂಬಳ ಹೆಚ್ಚಿಸಿ ಅಂತಲೂ ಅಲ್ಲ, ಕುರ್ಚಿ.

ಈಗ ನಗುವಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದರ ಇನ್ನೊಂದು ಬಾಲವಿದೆ. ನಗಲೇಬೇಕು ಅನ್ನುವವರೇ, ಆ ನಗುವನ್ನು ಎದುರಿಗಿದ್ದವನು ತಪ್ಪಾಗಿ ತಿಳಿದರೆ 'ನೀನ್ಯಾಕೆ ನಕ್ಕೆ' ಅನ್ನುವವರೂ. 1990ರ ದಶಕದ ಕೊನೆಗೆ ಅಮೆರಿಕದ ದೊಡ್ಡ ಸೂಪರ್‌ಮಾರ್ಕೆಟ್ ಸರಪಳಿಯೊಂದು ಕೆಲಸದವರಿಗೆ ಕಡ್ಡಾಯ ಮಾಡಿತು: ಪ್ರತಿ ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ನಗಬೇಕು, ಹೆಸರು ಹಿಡಿದು ಮಾತಾಡಿಸಬೇಕು. ಗುಟ್ಟಾಗಿ ಪರೀಕ್ಷಿಸಲು ಗಿರಾಕಿಯ ವೇಷದಲ್ಲಿ ಜನ ಬರುತ್ತಿದ್ದರು. ಕೆಲಸದ ಹೆಂಗಸರು ದೂರು ಕೊಟ್ಟರು. ಗಂಡಸರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಬೆನ್ನು ಹತ್ತುತ್ತಿದ್ದಾರೆ ಅಂತ.

ನನಗೆ ಇದನ್ನು ಓದಿ ಅಚ್ಚರಿಯಾಗಲಿಲ್ಲ. ನಮ್ಮಲ್ಲಿ ಒಬ್ಬರು ಪ್ರತಿ ಗುರುವಾರ ಬರುತ್ತಿದ್ದರು. ಅದೇ ಪ್ರಶ್ನೆ, ಅದೇ ಉತ್ತರ. ಬೇರೆ ಕೌಂಟರ್ ಖಾಲಿ ಇದ್ದರೂ ನನ್ನ ಸಾಲಿನಲ್ಲೇ ನಿಲ್ಲುತ್ತಿದ್ದರು. ಮೊದಲ ಸಲ ನನ್ನ ಹೆಸರಿನ ಪಟ್ಟಿ ಓದಿ ಹೆಸರು ಚೆನ್ನಾಗಿದೆ ಅಂದರು. ಮೂರನೇ ಸಲ ಶಿಫ್ಟ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಕೇಳಿದರು. ನಾನು ಮ್ಯಾನೇಜರ್‌ಗೆ ಹೇಳಿದೆ. ಅವರು ಒಳ್ಳೆಯವರೇ, ನನ್ನ ಮೇಲೆ ಅಕ್ಕರೆ ಇದ್ದವರೇ. "ಹಳೇ ಗಿರಾಕಿ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ. ನೀನೂ ಅಷ್ಟೊಂದು ನಕ್ಕೊಂಡು ಮಾತಾಡಬೇಡ" ಅಂದರು. ಅದೇ ತಿಂಗಳ ಕೊನೆಯಲ್ಲಿ ನನ್ನ ಮೌಲ್ಯಮಾಪನ ಬಂತು. 'ನಗುಮೊಗ ಇನ್ನೂ ಸುಧಾರಿಸಬೇಕು.' ಸಹಿ ಅವರದೇ.

ಗಿರಾಕಿಯೇ ದೇವರು ಅನ್ನುತ್ತಾರಲ್ಲ, ದೇವರ ಮೇಲೆ ದೂರು ಕೊಡುವುದು ಎಲ್ಲಿ? ಕೆಲಸದ ಜಾಗದ ಕಿರುಕುಳ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಮೇಲಧಿಕಾರಿ, ಸಹೋದ್ಯೋಗಿ. ಹೊರಗಿಂದ ಬರುವವನು ಬಹಳ ಕಾಲ ಹೆಚ್ಚಿನವರ ಲೆಕ್ಕದಲ್ಲಿ ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಪ್ಪಿದ 190ನೇ ಒಡಂಬಡಿಕೆ ಮೂರನೆಯವರಿಂದ ಆಗುವ ಕಿರುಕುಳವನ್ನೂ ಗಣನೆಗೆ ತೆಗೆದುಕೊಳ್ಳಬೇಕು ಅಂತ ಬರೆಯಿತು. 2021ರಲ್ಲಿ ಅದು ಜಾರಿಗೆ ಬಂತು, ಒಪ್ಪಿ ಅಂಗೀಕರಿಸಿದ ದೇಶಗಳಿಗೆ ಮಾತ್ರ. ನಮಗೆ ಆಗ ಇದ್ದ ಒಡಂಬಡಿಕೆ ಬೇರೆ. ಯಾರಾದರೂ ಎದುರು ನಿಂತು ಬಿಡುತ್ತಿಲ್ಲ ಅಂದರೆ ನಾವು ಸ್ವಲ್ಪ ಜೋರಾಗಿ "ಪ್ರಿಂಟರಲ್ಲಿ ಪೇಪರ್ ಮುಗಿದಿದೆ" ಅನ್ನುತ್ತಿದ್ದೆವು. ತಕ್ಷಣ ಇನ್ನೊಬ್ಬಳು ಎದ್ದು ಬಂದು "ನಿಮ್ಮನ್ನು ಒಳಗೆ ಕರೀತಿದ್ದಾರೆ, ಇವರನ್ನು ನಾನು ನೋಡ್ಕೊಳ್ತೀನಿ" ಅನ್ನುತ್ತಿದ್ದಳು. ಹೊಸಬರಿಗೆ ಸಿಸ್ಟಮ್ ಪಾಸ್‌ವರ್ಡ್‌ಗಿಂತ ಮೊದಲು ಇದನ್ನೇ ಹೇಳಿಕೊಡುತ್ತಿದ್ದೆವು. ಒಂದು ಸಲ ನಿಜವಾಗಿಯೂ ಪೇಪರ್ ಮುಗಿದು, ಹಾಗಂದದ್ದಕ್ಕೆ ಮೂವರು ಓಡಿಬಂದು ಸುತ್ತುವರಿದರು. ಎದುರಿಗಿದ್ದ ಅಜ್ಜ ಹೆದರಿಬಿಟ್ಟರು.

ಗಂಡಸರಿಗೆ ಈ ಕೆಲಸದಲ್ಲಿ ಸುಖವೋ ಸುಖ ಅಂತ ನಾನು ಹೇಳುತ್ತಿಲ್ಲ. ಆ ಹೊಸ ಹುಡುಗ, ಮೊದಲು ಹೇಳಿದೆನಲ್ಲ, ಅವನನ್ನು ಆಮೇಲೆ ಅತಿ ಕೋಪದ ಗಿರಾಕಿಗಳ ಮುಂದೆಲ್ಲ ನಿಲ್ಲಿಸತೊಡಗಿದರು. ಕುಡಿದು ಬಂದವರು, ಮೇಜು ಗುದ್ದುವವರು, ಎಲ್ಲ ಅವನ ಪಾಲಿಗೆ. ಅವನು ಬಡಕಲು ಹುಡುಗ, ಮೃದು ಸ್ವಭಾವ. ಹೆದರಿಕೆಯಾಗುತ್ತದಾ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಒಬ್ಬ ಅವನ ಕಾಲರ್ ಹಿಡಿದ. ಹುಡುಗ ಒಳಗೆ ಬಂದು ನೀರು ಕುಡಿಯುವಾಗ ಕೈ ನಡುಗುತ್ತಿತ್ತು. "ಅಕ್ಕಾ, ನಿಮ್ಮನ್ನ ಕೇಳೋರು 'ಸಾರ್ ಇದ್ದಾರಾ' ಅಂತಾರೆ, ನನ್ನನ್ನ ಕಳಿಸೋರೂ ಅದನ್ನೇ ಅಂತಾರೆ" ಅಂದ. ಹೆಂಗಸು ಅಂದರೆ ಮೆತ್ತಗೆ, ಗಂಡಸು ಅಂದರೆ ಗಟ್ಟಿ. ಇಬ್ಬರ ಸಮವಸ್ತ್ರವೂ ಬಿಗಿಯೇ. ಆದರೆ ಅವನು ಎರಡು ವರ್ಷಕ್ಕೆ ಟೀಮ್ ಲೀಡರ್ ಆದ, ಸನ್ನಿವೇಶ ನಿಭಾಯಿಸುತ್ತಾನೆ ಅಂತ. ನಾವು ನಿಭಾಯಿಸಿದ್ದು ಸನ್ನಿವೇಶ ಅನ್ನಿಸಿಕೊಳ್ಳಲಿಲ್ಲ. ಅವು ಹುಟ್ಟುವ ಮೊದಲೇ ನಗುತ್ತಾ ಆರಿಸಿಬಿಟ್ಟಿದ್ದೆವು. ಹತ್ತದ ಬೆಂಕಿಯನ್ನು ಯಾರು ಎಣಿಸುತ್ತಾರೆ?

ನಗು ಖರ್ಚಾಗುವ ವಸ್ತು ಅಂತ ನನಗೆ ಮನೆಯಲ್ಲಿ ಗೊತ್ತಾಯಿತು. ಶಿಫ್ಟ್ ಮುಗಿಸಿ ಬಂದರೆ ಮುಖದಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಕೆನ್ನೆ ನಿಜವಾಗಿಯೂ ನೋಯುತ್ತಿತ್ತು, ಉಪಮೆಗೆ ಹೇಳುತ್ತಿಲ್ಲ. "ಊರವರ ಹತ್ತಿರ ಎಲ್ಲ ನಗ್ತೀಯ, ನಮ್ಮ ಹತ್ತಿರ ಮಾತ್ರ ಮುಖ ಗಂಟು" ಅಂತ ಅಮ್ಮ ಅನ್ನುತ್ತಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ. ಫೋನ್ ಬಂದರೆ ಅಕ್ಕನ ಹತ್ತಿರವೂ "ಇನ್ನೇನಾದರೂ ಸಹಾಯ ಬೇಕಿತ್ತಾ" ಅಂದು ಇಟ್ಟುಬಿಟ್ಟಿದ್ದೇನೆ. ಅದನ್ನು ಹೇಳಿ ಅವಳು ಈಗಲೂ ನಗುತ್ತಾಳೆ. ಆದರೆ ಅಮ್ಮನಿಗೆ ನಾನು ಒಂದು ಸಲವೂ ಬಿಡಿಸಿ ಹೇಳಲಿಲ್ಲ, ಅಮ್ಮಾ, ಅದು ನಿಮಗಿಂತ ಅವರ ಮೇಲೆ ಪ್ರೀತಿ ಜಾಸ್ತಿ ಅಂತಲ್ಲ, ನಿಮ್ಮ ಮುಂದೆ ಮಾತ್ರ ನಗದೇ ಇರಬಹುದು ಅಂತ. ಹೇಳಿದ್ದರೆ ಅರ್ಥವಾಗುತ್ತಿತ್ತೋ ಏನೋ. ಅವರೂ ಜೀವಮಾನವೆಲ್ಲ ಬಂದುಹೋಗುವವರಿಗೆ ನಕ್ಕವರೇ, ಅವರಿಗೆ ಕೌಂಟರ್ ಇರಲಿಲ್ಲ, ಶಿಫ್ಟ್ ಮುಗಿಯುತ್ತಲೂ ಇರಲಿಲ್ಲ.

ಈಗ ಯಂತ್ರಗಳೂ ಬಂದಿವೆ. ಮೊದಮೊದಲು ಬಂದ ಧ್ವನಿ ಸಹಾಯಕಗಳಲ್ಲಿ ಹೆಚ್ಚಿನವು ಹೆಣ್ಣಿನ ದನಿಯಲ್ಲೇ ಮಾತಾಡುತ್ತಿದ್ದವು. 2019ರಲ್ಲಿ ಯುನೆಸ್ಕೋ ಇದರ ಬಗ್ಗೆ ಒಂದು ವರದಿ ತಂದಿತು. ಅದರ ತಲೆಬರಹವೇ ಒಂದು ಉತ್ತರ: ಬಳಕೆದಾರ ಹೊಲಸು ಮಾತಿನಲ್ಲಿ ಬೈದರೆ ಆ್ಯಪಲ್ ಫೋನಿನ ಧ್ವನಿ ಸಹಾಯಕ 'ಸಿರಿ' ಒಂದು ಕಾಲದಲ್ಲಿ ಕೊಡುತ್ತಿದ್ದ ಉತ್ತರ, ನಾಚೋಕೆ ಆಗಿದ್ದರೆ ನಾಚುತ್ತಿದ್ದೆ ಅನ್ನುವ ಅರ್ಥದ್ದು. ಬರೆದ ಇಂಜಿನಿಯರ್‌ಗಳು ಇದನ್ನು ಎಲ್ಲಿ ಕಲಿತರು ಅಂತ ನನಗೆ ಗೊತ್ತು. ನಮ್ಮನ್ನು ನೋಡಿ ಕಲಿತರು. ಬೈದಾಗ ನಾವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತಿದ್ದೆವು, ಬೇರೆ ಮಾತಿನಲ್ಲಿ. ಒಂದು ವ್ಯತ್ಯಾಸ, ಯಂತ್ರಕ್ಕೆ ಕೆನ್ನೆ ನೋಯುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಬಗ್ಗೆಯೂ ಒಂದು ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ಹೋದ ತಿಂಗಳು ಒಂದು ಕೆಲಸಕ್ಕೆ ಹೋಗಿದ್ದೆ. ಟೋಕನ್ ತೆಗೆದುಕೊಂಡು ಕೂತೆ. ಎರಡು ಕೌಂಟರ್, ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ನನಗಿಂತ ಚಿಕ್ಕ ವಯಸ್ಸಿನ ಒಬ್ಬರು. ಅವರ ಕೌಂಟರ್ ಬರಲಿ ಅಂತ ಬಯಸಿದೆ. ಯಾಕೆ? ಅವರು ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ, ನನ್ನ ಹತ್ತಿರ ಒಂದು ಕಾಗದ ಕಡಿಮೆ ಇದೆ, ಅವರಾದರೆ ಹೇಗೋ ನಡೆಸಿಕೊಡುತ್ತಾರೆ ಅಂತ. ಅವರೇ ಬಂದರು. ಕಾಗದ ನೋಡಿದರು. ಇದು ಸಾಲುವುದಿಲ್ಲ, ಆದರೆ ಇದರ ಬದಲು ಅದನ್ನು ಕೊಡಬಹುದು ಅಂತ ಹೇಳಿದರು. ಅದು ನನ್ನ ಬ್ಯಾಗಿನಲ್ಲೇ ಇತ್ತು. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು. ಅಷ್ಟು ಚೊಕ್ಕವಾಗಿ ಯಾರೂ ನನ್ನ ಕೆಲಸ ಮಾಡಿಕೊಟ್ಟಿರಲಿಲ್ಲ. ಒಂದು ಸಲವೂ ನಗಲಿಲ್ಲ. ತಲೆ ಎತ್ತಿದ್ದೂ ಎರಡು ಸಲ. ನನಗೆ ಸಿಟ್ಟು ಬಂತು. ಏಳು ವರ್ಷ ಆ ಕಡೆ ನಿಂತಿದ್ದ ನನಗೆ, ಏನ್ ದಿಮಾಕು ಇವರಿಗೆ ಅನ್ನಿಸಿತು. ಅನ್ನಿಸಿದ ಮೇಲೆ ನಾಚಿಕೆಯಾಯಿತು, ಆದರೆ ಮೊದಲು ಅನ್ನಿಸಿದ್ದು ಅದೇ.

ಪಕ್ಕದಲ್ಲಿ ಸಣ್ಣ ಪರದೆ ಇತ್ತು. ಮೂರು ಪ್ರಶ್ನೆ. ಕೆಲಸ ಆಯಿತೇ, ಹೊತ್ತಿಗೆ ಸರಿಯಾಗಿ ಆಯಿತೇ, ಸಿಬ್ಬಂದಿ ನಗುಮೊಗದಿಂದ ಮಾತಾಡಿಸಿದರೇ. ಮೊದಲೆರಡಕ್ಕೆ ಐದು ಒತ್ತಿದೆ. ಮೂರನೆಯದನ್ನು ಖಾಲಿ ಬಿಟ್ಟು ಹೊರಟೆ, ದೊಡ್ಡ ಪ್ರತಿಭಟನೆ ಮಾಡಿದವಳ ಹಾಗೆ.

"ಮೇಡಂ," ಹಿಂದಿಂದ ಕರೆದರು. "ಒಂದು ಬಾಕಿ ಬಿಟ್ಟಿದ್ದೀರಿ. ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳಲ್ಲ, ಮುಂದಿನ ಟೋಕನ್ ಬರಲ್ಲ."

ವಾಪಸ್ ಬಂದೆ. ನನ್ನ ಹಿಂದೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಐದು ಒತ್ತಿದೆ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ಆಗಲೂ ನಗಲಿಲ್ಲ. ಮುಂದಿನ ನಂಬರ್ ಕೂಗಿದರು.